ಅಂಗಡಿಸಾಲಿನ ಕಮಾನುಗಳು

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯಿಂದ ಮೈಸೂರಿಗೆ ಬಂದವರೆಲ್ಲರೂ ಅರಮನೆಯನ್ನು ನೋಡುತ್ತಾರೆ. ಅಲ್ಲಿಂದ ತುಸು ದೂರದಲ್ಲಿ, ಚಿಕ್ಕ ಗಡಿಯಾರದ ಬಳಿ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ನಿಲ್ಲುವವರು ಕಡಿಮೆ. ಅರಮನೆ ದೊರೆಗಳ ವಾಸಕ್ಕೆ ಕಟ್ಟಿದ್ದು. ಇದು ಪೇಟೆಯ ಜನರಿಗಾಗಿ ಕಟ್ಟಿದ ಅಂಗಡಿಸಾಲು.

ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದುದರ ನೆನಪಿಗಾಗಿ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1892ರಲ್ಲಿ ಇದು ನಿರ್ಮಾಣವಾಯಿತು. ಎರಡು ಅಂತಸ್ತಿನ ಈ ಕಟ್ಟಡದ ಕೆಳಗೆ ಉದ್ದಕ್ಕೂ ಕಮಾನುಗಳ ಸಾಲು. ಅದರ ಹಿಂದೆ ನೆರಳಿನ ಓಡುದಾರಿ. ಅದರ ಆಚೆಗೆ ಮಳಿಗೆಗಳು. ಕೊಳ್ಳುವವನೂ ಕೊಳ್ಳದವನೂ ಬಿಸಿಲು ಮಳೆಗೆ ಅಲ್ಲಿ ನಿಲ್ಲಬಹುದಿತ್ತು. ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ಬರುತ್ತಿದ್ದ ವಿದ್ಯಾರ್ಥಿಗಳಿಗಂತೂ ಇದು ಬಹಳ ಪರಿಚಿತ ಜಾಗ.

ಕಮಾನಿನ ಗುಣ ವಿಶೇಷವಾದುದು. ಅದು ತನ್ನ ಮೇಲಿನ ಭಾರವನ್ನು ಕೆಳಕ್ಕೆ ಇಳಿಸುವುದಲ್ಲದೆ ಎರಡೂ ಪಕ್ಕಕ್ಕೆ ತಳ್ಳುತ್ತದೆ. ಸಾಲಿನಲ್ಲಿ ಪಕ್ಕದ ಕಮಾನು ಆ ನೂಕನ್ನು ತಡೆಯುತ್ತದೆ. ಒಂದು ಕಂಬ ಸಡಿಲವಾದರೆ ನೆರೆಯ ಕಮಾನುಗಳಿಗೂ ಅಪಾಯ. ಮೇಲಿನ ಮದ್ರಾಸ್ ತಾರಸಿಯದೂ ಇಂಥದೇ ಕಥೆ: ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆದಿರುತ್ತಾರೆ. ಒಣಗಿದ್ದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ನೀರು ಸೋರಿದರೆ ಗೋಡೆಯೊಳಗಿನ ತೊಲೆಯ ತುದಿ ಯಾರಿಗೂ ಕಾಣದಂತೆ ಕೊಳೆಯುತ್ತದೆ. ಹೀಗಾಗಿ ಇಂಥ ಕಟ್ಟಡವನ್ನು ಒಬ್ಬ ಅಂಗಡಿಯವನು ತನ್ನ ಮಳಿಗೆಯ ಮಟ್ಟಿಗೆ ಕಾಪಾಡಲಾರ. ಕಾಪಾಡಿದರೆ ಇಡೀ ಸಾಲನ್ನೇ ಕಾಪಾಡಬೇಕು.

2012ರ ಆಗಸ್ಟ್‌ನಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕೆಂದು ಕೆಲವರು ವಾದಿಸಿದರು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಸತ್ತವರನ್ನು ಮರೆತು ಪರಂಪರೆಯ ಮಾತನಾಡುವುದು ಸಲ್ಲದು. ಆದರೆ ಹಳೆಯದಾದುದರಿಂದಲೇ ಕಟ್ಟಡ ಬೀಳುತ್ತದೆ ಎನ್ನುವುದೂ ಸರಿಯಲ್ಲ. ನೋಡಿಕೊಳ್ಳದಿದ್ದರೆ ಹೊಸದೂ ಬೀಳುತ್ತದೆ.

ನಿಮ್ಮೂರಿನ ಪೇಟೆಬೀದಿಯಲ್ಲಿಯೂ ಹಳೆಯ ಅಂಗಡಿಗಳಿರಬಹುದು. ಒಮ್ಮೆ ತಲೆಯೆತ್ತಿ ನೋಡಿ. ಎಲ್ಲಿ ಸೋರಿದೆ, ಯಾವ ಬಿರುಕಿನಲ್ಲಿ ಅರಳಿ ಗಿಡ ಬೇರೂರಿದೆ ಎಂದು ಬರೆದುಕೊಂಡು ಹಿರಿಯರಿಗೆ ತಿಳಿಸಿ. ಚರಿತ್ರೆಯ ಅಭ್ಯಾಸ ಅಲ್ಲಿಂದಲೂ ಆರಂಭವಾಗಬಹುದು.