ಮೋಟಾರು ಕಾರುಗಳ ವಾಯುಮಾಲಿನ್ಯ ತಪಾಸಣೆ

ಸೋಗಾನೆ, ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಕಾರು ಮಾಲೀಕರು, ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ನಿಯಮ 115ರನ್ವಯ, ಪ್ರಥಮ ನೋಂದಣಿಯಿಂದ ಒಂದು ವರ್ಷ ಪೂರ್ಣಗೊಂಡ ನಂತರ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು. ಇದರ ಅವಧಿ ಭಾರತ್ ಸ್ಟೇಜ್-4 ಮತ್ತು ನಂತರದ ಕಾರುಗಳಿಗೆ 12 ತಿಂಗಳು. ಹಳೆಯ ಕಾರುಗಳಿಗೆ 6 ತಿಂಗಳು ಮಾತ್ರ.

ಸ್ಟೇಜ್-4 ಪೆಟ್ರೋಲ್ ಕಾರು ನಿಂತಲ್ಲೇ ಚಾಲೂ ಇರುವಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3ನ್ನು ಮೀರುವಂತಿಲ್ಲ. ಎಂಜಿನ್ ತಣ್ಣಗಿದ್ದರೆ ಈ ಪ್ರಮಾಣ ಹೆಚ್ಚುತ್ತದೆ. ಸುಸ್ಥಿತಿಯ ಕಾರೂ ಇದರಿಂದ ಅನುತ್ತೀರ್ಣವಾಗುವುದುಂಟು. ಆದುದರಿಂದ ಕೆಲವು ಕಿಲೋಮೀಟರ್ ಓಡಿಸಿ, ಎಂಜಿನ್ ಬಿಸಿಯಾದ ಮೇಲೆಯೇ ತಪಾಸಣಾ ಕೇಂದ್ರಕ್ಕೆ ತರುವುದು ಸೂಕ್ತ.

ಮಾನದಂಡ ಉಲ್ಲಂಘಿಸಿದಲ್ಲಿ, 2019ರಲ್ಲಿ ತಿದ್ದುಪಡಿಯಾದ ಕಲಂ 190(2)ರ ಮೇರೆಗೆ ಮೊದಲ ಅಪರಾಧಕ್ಕೇ 3 ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಜೊತೆಗೆ 3 ತಿಂಗಳು ಚಾಲನಾ ಅನುಜ್ಞಾಪತ್ರ ಹೊಂದಲು ಅನರ್ಹತೆ. ವಿದ್ಯುತ್ ಚಾಲಿತ ಕಾರುಗಳಿಗೆ ಈ ತಪಾಸಣೆ ಇರುವುದಿಲ್ಲ.