ಪಾಠದಲ್ಲಿಲ್ಲದ ಜುಲೈಖಾ ಬೇಗಂ

ನವೆಂಬರ್ 11 ಬಂತೆಂದರೆ ನಮ್ಮ ಶಾಲೆಯಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರ ಬಗ್ಗೆ ಮಾತನಾಡುವ ಸರದಿ ನನ್ನದೇ. ಅವರ ಜನ್ಮದಿನವನ್ನು 2008ರಿಂದ ರಾಷ್ಟ್ರೀಯ ಶಿಕ್ಷಣ ದಿನವೆಂದು ಆಚರಿಸುತ್ತಾರಲ್ಲ! 1888ರಲ್ಲಿ ಮೆಕ್ಕಾದಲ್ಲಿ ಜನನ, 1912ರಲ್ಲಿ ಕಲ್ಕತ್ತೆಯಿಂದ ‘ಅಲ್ ಹಿಲಾಲ್’ ಪತ್ರಿಕೆ, ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ ಎಂದು ವರ್ಷವರ್ಷವೂ ಗಿಳಿಪಾಠ ಒಪ್ಪಿಸುತ್ತಿದ್ದೆ. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, “ಮಿಸ್, ಅವರು ಜೈಲಿಗೆ ಹೋದಾಗಲೆಲ್ಲ ಮನೆಯಲ್ಲಿ ಯಾರಿರುತ್ತಿದ್ದರು?” ಎಂದಳು. ಬಿ.ಎ.ಯಲ್ಲಿ ಇತಿಹಾಸ ಓದಿದ ನನಗೆ ಉತ್ತರ ಹೊಳೆಯಲಿಲ್ಲ. ನಾಚಿಕೆಯಾಯಿತು. ಮನೆಗೆ ಬಂದು ಪುಸ್ತಕ ಹುಡುಕಿದೆ.

ಮನೆಯಲ್ಲಿದ್ದವರು ಜುಲೈಖಾ ಬೇಗಂ. 1922ರಲ್ಲಿ ಆಜಾದರಿಗೆ ಒಂದು ವರ್ಷ ಸಜೆಯಾದಾಗ ಈಕೆ ಗಾಂಧೀಜಿಗೆ ಪತ್ರ ಬರೆದರು. ನಾವು ಎಣಿಸಿದ್ದಕ್ಕಿಂತ ಶಿಕ್ಷೆ ಕಡಿಮೆಯೇ ಆಯಿತು, ಅವರ ಕೆಲಸವನ್ನು ಇಂದಿನಿಂದ ನಾನು ನೋಡಿಕೊಳ್ಳುತ್ತೇನೆ ಎಂಬುದು ಅದರ ಸಾರ. ಪರದೆಯೊಳಗಿನ ಹೆಣ್ಣೆಂದರೆ ಏನೂ ತಿಳಿಯದವಳು ಎಂದುಕೊಳ್ಳುವ ನಮ್ಮಂಥವರು ಈ ಪತ್ರ ಓದಬೇಕು.

1940ರ ರಾಮಗಢ ಅಧಿವೇಶನದಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಆಜಾದರು, ತಾವು ಮುಸಲ್ಮಾನರೆಂಬ ಹೆಮ್ಮೆಗೂ ಭಾರತೀಯರೆಂಬ ಹೆಮ್ಮೆಗೂ ವಿರೋಧವಿಲ್ಲ ಎಂದು ಸಾರಿದರು. ದೇಶ ಒಡೆಯುವುದನ್ನು ಅವರು ಒಪ್ಪಲಿಲ್ಲ. ಎರಡು ಕಡೆಯಿಂದಲೂ ಮಾತು ಕೇಳಬೇಕಾಯಿತು. ಆ ನಿಲುವಿಗೆ ಮನೆಯೂ ಬೆಲೆ ತೆತ್ತಿತು.

1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಅವರ ಬಂಧನವಾಯಿತು. ನೆಹರೂ, ಪಟೇಲರೊಂದಿಗೆ ಅಹಮದ್‌ನಗರದ ಕೋಟೆಗೆ ಒಯ್ದರು. ಕಲ್ಕತ್ತೆಯಲ್ಲಿ ಹೆಂಡತಿಗೆ ಕಾಯಿಲೆ ಹೆಚ್ಚಾಯಿತು. ಸರ್ಕಾರಕ್ಕೆ ಏನಾದರೂ ಹೇಳುವುದಿದ್ದರೆ ತಿಳಿಸುತ್ತೇನೆಂದು ಜೈಲಿನ ಅಧಿಕಾರಿ ಮುಂದೆ ಬಂದರೂ ಆಜಾದರು ಬೇಡವೆಂದರು. 1943ರ ಏಪ್ರಿಲ್ 9ರಂದು ಜುಲೈಖಾ ತೀರಿಕೊಂಡರು.

ಎಂಥ ಕಲ್ಲೆದೆ ಎಂದು ನನಗೂ ಸಿಟ್ಟು ಬಂತು. ಆದರೆ ಸ್ನೇಹಿತರಿಗೆಂದು ಜೈಲಿನಲ್ಲಿ ಬರೆದಿಟ್ಟ ಪತ್ರಗಳಲ್ಲಿ (ಅವು ಮುಂದೆ ‘ಗುಬಾರ್-ಎ-ಖಾತಿರ್’ ಎಂಬ ಪುಸ್ತಕವಾದವು) ಆಜಾದರು ಏನನ್ನೂ ಮುಚ್ಚಿಟ್ಟಿಲ್ಲ. ದಿನಪತ್ರಿಕೆ ಬರುವ ಹೊತ್ತಿಗೆ ಎದೆ ಬಡಿದುಕೊಳ್ಳುತ್ತಿತ್ತಂತೆ. ಹೊರಗೆ ತೋರಿದ ಶಾಂತಿಯೆಲ್ಲ ತನ್ನ ಅಹಂಕಾರ ಆಡಿದ ನಾಟಕವೆಂದು ತಾವೇ ಒಪ್ಪಿಕೊಂಡಿದ್ದಾರೆ. ಗಂಡಸರು ಹೀಗೆ ಬರೆಯುವುದು ಅಪರೂಪ.

1945ರಲ್ಲಿ ಬಿಡುಗಡೆಯಾಗಿ ಕಲ್ಕತ್ತೆಗೆ ಬಂದಾಗ ಹೌರಾ ನಿಲ್ದಾಣದ ತುಂಬ ಜನ. ಕಾರಿನ ತುಂಬ ಹೂವಿನ ಹಾರ. ಮೂರು ವರ್ಷದ ಹಿಂದೆ ಬಾಗಿಲವರೆಗೂ ಬಂದು ಬೀಳ್ಕೊಟ್ಟವಳ ನೆನಪಾಗಿ, ಮನೆಗೆ ಹೋಗುವ ಮೊದಲು ಸಮಾಧಿಯತ್ತ ಕಾರು ತಿರುಗಿಸಲು ಹೇಳಿದರು. ಅವೇ ಹಾರಗಳಲ್ಲೊಂದನ್ನು ಅಲ್ಲಿಟ್ಟು ಫಾತಿಹಾ ಓದಿದರು.

ಮಂತ್ರಿಯಾಗಿ ಅವರು ಮಾಡಿದ್ದು ಕಡಿಮೆಯಲ್ಲ. 1951ರಲ್ಲಿ ಖರಗ್‌ಪುರದ ಐಐಟಿ, 1953ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 1954ರಲ್ಲಿ ಸಾಹಿತ್ಯ ಅಕಾಡೆಮಿ ಅವರ ಕಾಲದಲ್ಲೇ ಬಂದವು. 1958ರ ಫೆಬ್ರವರಿ 22ರಂದು ನಿಧನರಾದರು. 1992ರಲ್ಲಿ ಭಾರತರತ್ನ ಸಂದಿತು.

ಅವರು ಬೇಡಿಕೊಳ್ಳಬೇಕಿತ್ತೇ? 1922ರ ಆ ಪತ್ರ ಬರೆದಾಕೆ ಬಹುಶಃ ಬೇಡವೆನ್ನುತ್ತಿದ್ದರು. ಆದರೆ ಅವರನ್ನು ಯಾರೂ ಕೇಳಲಿಲ್ಲ. ಈಗ ನನ್ನ ಭಾಷಣ ಐದು ನಿಮಿಷ ಉದ್ದವಾಗಿದೆ. ಆ ಐದು ನಿಮಿಷವೂ ಜುಲೈಖಾ ಅವರದು.