ಯು ಟರ್ನ್ (ಚಲನಚಿತ್ರ)

ಪವನ್ ಕುಮಾರ್ ಬರೆದು ನಿರ್ದೇಶಿಸಿದ, 2016ರ ಮೇ ತಿಂಗಳಲ್ಲಿ ತೆರೆಕಂಡ ಕನ್ನಡ ಚಿತ್ರ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ನಡುವೆ ಸಾಲಾಗಿಟ್ಟ ವಿಭಜಕದ ಕಲ್ಲುಗಳನ್ನು ಸರಿಸಿ, ನಿಷೇಧವಿದ್ದರೂ ಅಲ್ಲಿಯೇ ವಾಹನ ತಿರುಗಿಸಿಕೊಂಡು ಹೋದವರು ಒಬ್ಬೊಬ್ಬರಾಗಿ ಸಾಯುವುದು, ಆ ಸಾವುಗಳು ಆತ್ಮಹತ್ಯೆಯಂತೆ ತೋರುವುದು, ತರಬೇತಿಯಲ್ಲಿರುವ ಪತ್ರಕರ್ತೆ ರಚನಾ (ಶ್ರದ್ಧಾ ಶ್ರೀನಾಥ್) ಅವುಗಳ ಜಾಡು ಹಿಡಿಯುವುದು ಇದರ ಕಥಾವಸ್ತು.

ಇಂತಹ ಸರಣಿ ಸಾವಿನ ಕಥೆಗಳ ಪೈಕಿ, ಆಕಸ್ಮಿಕ ಮರಣವನ್ನು ವಿಧಿಯ ಆಟವಾಗಿ ಚಿತ್ರಿಸುವ ಪರಂಪರೆಯಲ್ಲಿ ಹೆಚ್ಚು ಪ್ರಸಿದ್ಧವಾದುದು 2000ದಲ್ಲಿ ಆರಂಭವಾದ ಅಮೆರಿಕದ ‘ಫೈನಲ್ ಡೆಸ್ಟಿನೇಷನ್’ ಸರಣಿ. ಅದರಲ್ಲಿ ಮುಂಗಾಣ್ಕೆ, ಎಂದರೆ ಮುಂದಾಗಲಿರುವ ದುರಂತ ಮೊದಲೇ ಮನಸ್ಸಿಗೆ ಗೋಚರಿಸುವುದು, ಕೆಲವರನ್ನು ವಿಮಾನ ಸ್ಫೋಟದಂತಹ ಅಪಘಾತದಿಂದ ಪಾರುಮಾಡುತ್ತದೆ. ಆದರೆ ತಪ್ಪಿಸಿಕೊಂಡವರನ್ನು ಸಾವು ಸರದಿಯಂತೆ ಮತ್ತೆ ಅರಸಿ ಬರುತ್ತದೆ. ಅಲ್ಲಿ ಸಾವಿಗೆ ರೂಪವಿಲ್ಲ. ಸೋರುವ ನೀರು, ಸಡಿಲಗೊಂಡ ತಿರುಪು, ಬೀಸುವ ಗಾಳಿ ಇವೇ ಒಂದಕ್ಕೊಂದು ಕೊಂಡಿಯಾಗಿ ಕೊಲ್ಲುತ್ತವೆ, ಮತ್ತು ಕ್ಯಾಮೆರಾ ಆ ವಸ್ತುಗಳನ್ನು ಸಮೀಪದಿಂದ ತೋರಿಸುತ್ತ ಪ್ರೇಕ್ಷಕನ ಊಹೆಯನ್ನು ಬೇಕೆಂದೇ ದಾರಿ ತಪ್ಪಿಸುತ್ತದೆ.

‘ಯು ಟರ್ನ್’ನ ಹೆಚ್ಚುಗಾರಿಕೆ ಇರುವುದು ಈ ಚೌಕಟ್ಟನ್ನು ಒಡೆದುದರಲ್ಲಿ. ಇಲ್ಲಿ ಕಲ್ಲನ್ನು ಸರಿಸಿದ್ದು ವಿಧಿಯಲ್ಲ, ಅವಸರದಲ್ಲಿದ್ದ ಮನುಷ್ಯನ ಕೈ. ಹಾಗೆ ದಾರಿಯಲ್ಲಿ ಬಿಟ್ಟ ಕಲ್ಲಿನಿಂದಾದ ಅಪಘಾತದಲ್ಲಿ ಮಡಿದ ಮಾಯಾ ಎಂಬ ತಾಯಿಯ ಪ್ರೇತ ಸೇಡು ತೀರಿಸಿಕೊಳ್ಳುತ್ತದೆ. ದಿನನಿತ್ಯ ಕಾಣುವ ಸಣ್ಣ ನಿಯಮಭಂಗದಿಂದಲೇ ಭಯ ಹುಟ್ಟುವುದರಿಂದ ಇದು ಅಮೆರಿಕದ ಸರಣಿಗಿಂತ ಆಳವಾಗಿ ತಟ್ಟುತ್ತದೆ. ಚಿತ್ರವು 2017ರಲ್ಲಿ ಮಲಯಾಳಂನಲ್ಲಿ ‘ಕೇರ್‌ಫುಲ್’ ಎಂಬ ಹೆಸರಿನಿಂದ, 2018ರಲ್ಲಿ ಪವನ್ ಕುಮಾರ್ ಅವರದೇ ನಿರ್ದೇಶನದಲ್ಲಿ ತೆಲುಗು ಮತ್ತು ತಮಿಳಿನಲ್ಲಿ, 2023ರಲ್ಲಿ ಹಿಂದಿಯಲ್ಲಿ ಮರುನಿರ್ಮಾಣಗೊಂಡಿತು.